ವ್ರತದ ಕೈ, ವ್ಯಾಧಿಯ ಕೈ: ಕೇಶಲೋಚ, ಕೂದಲು ಕೀಳುವ ಗೀಳು ಮತ್ತು ಸಂಯಮದ ಪ್ರಶ್ನೆ

ತನ್ನ ತಲೆಗೂದಲನ್ನು ತನ್ನ ಕೈಯಿಂದಲೇ ಕಿತ್ತುಕೊಳ್ಳುವ ಕ್ರಿಯೆಯು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಜನಜೀವನದಲ್ಲಿ ಎರಡು ನೆಲೆಗಳಲ್ಲಿ ಎದುರಾಗುತ್ತದೆ. ದಿಗಂಬರ ಜೈನ ಮುನಿಗಳೂ ಆರ್ಯಿಕೆಯರೂ ವ್ರತದ ಅಂಗವಾಗಿ ನಡೆಸುವ ಕೇಶಲೋಚ ಒಂದು ನೆಲೆ. ಕೀಳಬಾರದೆಂದು ಎಷ್ಟೇ ನಿಶ್ಚಯಿಸಿದರೂ ಕೈ ತಲೆಗೇ ಹೋಗುವ, ವೈದ್ಯಶಾಸ್ತ್ರವು ಟ್ರೈಕೋಟಿಲೊಮೇನಿಯಾ ಎಂದು ಗುರುತಿಸುವ ಗೀಳು ಇನ್ನೊಂದು ನೆಲೆ. ಮೊದಲನೆಯದನ್ನು ಕಂಡವರು ಕೈಮುಗಿಯುತ್ತಾರೆ. ಎರಡನೆಯದನ್ನು ಅನುಭವಿಸುವವರು ವರ್ಷಾನುಗಟ್ಟಲೆ ಅದನ್ನು ಮನೆಯವರಿಂದಲೂ ಮುಚ್ಚಿಡುತ್ತಾರೆ. ಬೆರಳು ಅದೇ, ಕೂದಲು ಅದೇ, ಕೀಳುವ ಚಲನೆಯೂ ಅದೇ ಆಗಿರುವಾಗ ಒಂದು ತಪಸ್ಸೆನಿಸಿಕೊಂಡು ಮತ್ತೊಂದು ವ್ಯಾಧಿಯೆನಿಸಿಕೊಳ್ಳಲು ಕಾರಣವೇನು, ಮತ್ತು ಆ ಕಾರಣವನ್ನು ಅರಿತ ಮೇಲೆ ವ್ಯಾಧಿಗ್ರಸ್ತರಿಗೆ ಧರ್ಮವು ಹೇಳಬೇಕಾದ ಮಾತು ಯಾವುದು ಎಂಬ ಪ್ರಶ್ನೆಗಳು ಸಂಯಮದ ಸ್ವರೂಪವನ್ನೇ ಮರುವಿಚಾರಕ್ಕೆ ಒಳಪಡಿಸುತ್ತವೆ.

ಈ ವಿಚಾರಕ್ಕೆ ಬೆಳಗಾವಿ ಸೀಮೆಗಿಂತ ತಕ್ಕ ನೆಲ ಸಿಗುವುದು ಕಷ್ಟ. ಖಾನಾಪುರ ತಾಲ್ಲೂಕಿನ ಹಲಸಿ, ಅಂದರೆ ಪ್ರಾಚೀನ ಪಲಾಶಿಕೆ, ಕದಂಬರ ಎರಡನೆಯ ರಾಜಧಾನಿಯಾಗಿತ್ತು; ಅಲ್ಲಿ ದೊರೆತ ತಾಮ್ರಶಾಸನಗಳ ಪ್ರಕಾರ 5ನೇ ಶತಮಾನದಲ್ಲಿ ಮೃಗೇಶವರ್ಮನು ಜಿನಾಲಯವೊಂದನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಎಂಬ ಮೂರು ಜೈನ ಪಂಥಗಳ ಯತಿಗಳಿಗೆ 33 ನಿವರ್ತನ ಭೂಮಿಯನ್ನು ದಾನ ಮಾಡಿದನು, ಮುಂದೆ ರವಿವರ್ಮನು ಮಳೆಗಾಲದ ನಾಲ್ಕು ತಿಂಗಳು ಯತಿಗಳ ಆಹಾರಕ್ಕೆ ವ್ಯವಸ್ಥೆ ಮಾಡಿದನು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟ ದೊರೆ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದನು. 20ನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಇದೇ ಜಿಲ್ಲೆಯ ಭೋಜ ಗ್ರಾಮದ ಮನೆತನದವರು. ಅವರು ಮುನಿದೀಕ್ಷೆ ಪಡೆದದ್ದು 1920ರಲ್ಲಿ. ಹೀಗಾಗಿ ಕೇಶಲೋಚವು ಇಲ್ಲಿಯ ಜನರಿಗೆ ಪುಸ್ತಕದ ಸಂಗತಿಯಲ್ಲ, ಕಣ್ಣೆದುರಿನ ಆಚರಣೆ.

ವಟ್ಟಕೇರನ 'ಮೂಲಾಚಾರ'ವು ಮುನಿಗೆ ವಿಧಿಸುವ 28 ಮೂಲಗುಣಗಳಲ್ಲಿ ಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ, ಅಂದರೆ ಕನಿಷ್ಠ, ಎಂದು ಅದರ ಕಾಲಮಾನವೂ ನಿಗದಿಯಾಗಿದೆ. ಆ ದಿನ ಉಪವಾಸವಿರುತ್ತದೆ. ಬೆರಳು ಜಾರದಂತೆ ಕೂದಲಿಗೆ ಬೂದಿ ಹಚ್ಚಿಕೊಂಡು, ತಲೆಯ ಮತ್ತು ಗಡ್ಡಮೀಸೆಯ ಕೂದಲನ್ನು ಕುಚ್ಚು ಕುಚ್ಚಾಗಿ ಹಿಡಿದು ಕೀಳುತ್ತಾ ಹೋಗುವಾಗ ಸುತ್ತ ಕುಳಿತ ಶ್ರಾವಕರು ಸ್ತೋತ್ರ ಹೇಳುತ್ತಿರುತ್ತಾರೆ. ಕ್ಷೌರಿಕನನ್ನಾಗಲಿ ಕತ್ತಿಯನ್ನಾಗಲಿ ಹಣವನ್ನಾಗಲಿ ಅವಲಂಬಿಸಬಾರದು, ಕೂದಲಲ್ಲಿ ಹುಟ್ಟುವ ಜೀವಿಗಳಿಗೆ ಹಿಂಸೆಯಾಗಬಾರದು, ದೇಹದ ಮೇಲಿನ ಮಮತೆ ಸಡಿಲವಾಗಬೇಕು, ನೋವನ್ನು ಸಮಚಿತ್ತದಿಂದ ಸಹಿಸುವುದನ್ನು ಕಲಿಯಬೇಕು ಎಂಬುವು ಈ ವಿಧಿಯ ಹಿಂದಿನ ಉದ್ದೇಶಗಳು. ಇಲ್ಲಿ ನೋವು ಗೊತ್ತಿದ್ದೇ ಬರಮಾಡಿಕೊಂಡದ್ದು; ಕ್ರಿಯೆಗೆ ಮೊದಲೂ ಕೊನೆಯೂ ಇದೆ; ಅದು ನಡೆಯುವುದು ಸಂಘದ ಕಣ್ಣೆದುರಿನಲ್ಲಿ.

ವ್ಯಾಧಿಯ ಚಿತ್ರ ಇದಕ್ಕೆ ಬಹುತೇಕ ತದ್ವಿರುದ್ಧವಾಗಿದೆ. ಫ್ರಾನ್ಸ್‌ನ ಚರ್ಮವೈದ್ಯ ಆನ್ರಿ ಆಲೊಪೊ 1889ರಲ್ಲಿ ಈ ಗೀಳಿಗೆ ಹೆಸರಿಟ್ಟನು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯು ಇದನ್ನು, ಚರ್ಮ ಕೆರೆದುಕೊಳ್ಳುವ ಗೀಳಿನೊಂದಿಗೆ, ದೇಹದ ಮೇಲೆ ಕೇಂದ್ರೀಕೃತವಾದ ಪುನರಾವರ್ತಿತ ವರ್ತನೆಗಳ ಗುಂಪಿನಲ್ಲಿ ಇರಿಸಿದೆ. ಸಾಮಾನ್ಯವಾಗಿ ಹರೆಯದ ಹೊಸ್ತಿಲಲ್ಲಿ ಮೊದಲಾಗಿ ವಯಸ್ಕರಾದ ಮೇಲೂ ಏರಿಳಿಯುತ್ತ ಮುಂದುವರಿಯುವ ಈ ತೊಂದರೆ, ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ನೂರಕ್ಕೆ ಸುಮಾರು 1.7 ಮಂದಿಯಲ್ಲಿ, ಗಂಡು ಹೆಣ್ಣೆಂಬ ಹೆಚ್ಚಿನ ವ್ಯತ್ಯಾಸವಿಲ್ಲದೆ ಕಂಡುಬಂದಿತು. ಓದುವಾಗ, ಟೀವಿ ನೋಡುವಾಗ, ನಿದ್ದೆ ಬಾರದೆ ಹೊರಳುವಾಗ ಬೆರಳುಗಳು ನೆತ್ತಿಯಲ್ಲೋ ಹುಬ್ಬಿನಲ್ಲೋ ರೆಪ್ಪೆಯಲ್ಲೋ ಅಲೆದಾಡಿ, ಒರಟಾದ ಅಥವಾ ಸುರುಳಿಯಾದ ಒಂದೇ ಒಂದು ಎಳೆಯನ್ನು ಹುಡುಕಿ ಹಿಡಿಯುತ್ತವೆ. ಕಿತ್ತ ಎಳೆಯ ಬುಡದ ಬಿಳಿಯ ಗಡ್ಡೆಯನ್ನು ನೋಡುವುದು, ಅದನ್ನು ತುಟಿಗೆ ಸವರಿಕೊಳ್ಳುವುದು, ಕೆಲವೊಮ್ಮೆ ನುಂಗುವುದೂ ಉಂಟು. ನುಂಗಿದ ಕೂದಲು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಲ್ಲದಾದ್ದರಿಂದ, ಇಂಥ ಅಭ್ಯಾಸವಿರುವವರು ಹೊಟ್ಟೆನೋವು ಅಥವಾ ವಾಂತಿಯನ್ನು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕಾಗುತ್ತದೆ. ಮುನಿಗೆ ನೋವು ಅನುಭವಕ್ಕೆ ಬರುತ್ತದೆ ಮತ್ತು ಅದನ್ನು ಗೆಲ್ಲುವುದೇ ಸಾಧನೆಯಾಗುತ್ತದೆ. ರೋಗಿಗೆ ಹಲವು ಬಾರಿ ನೋವೇ ತಿಳಿಯದೆ, ಕ್ಷಣಕಾಲದ ಒಂದು ಬಿಡುಗಡೆ ಮಾತ್ರ ತಿಳಿಯುತ್ತದೆ. ಆ ಬಿಡುಗಡೆಯೇ ಮುಂದಿನ ಸಲಕ್ಕೆ ಕೈಯನ್ನು ಮತ್ತೆ ಕರೆಯುವ ಆಮಿಷವಾಗುತ್ತದೆ.

ಇವೆರಡನ್ನೂ ಬೇರ್ಪಡಿಸುವ ಅಂಶವು ಕಿತ್ತ ಕೂದಲಿನ ಪ್ರಮಾಣದಲ್ಲಿ ಇಲ್ಲ. ಹಾಗಿದ್ದಿದ್ದರೆ ತಲೆಯನ್ನು ಪೂರ್ತಿ ಬರಿದು ಮಾಡಿಕೊಳ್ಳುವ ಮುನಿಯೇ ಹೆಚ್ಚು ಅಸ್ವಸ್ಥನೆನಿಸಬೇಕಾಗುತ್ತಿತ್ತು. ಮನೋವೈದ್ಯರು ಬಳಸುವ ರೋಗನಿರ್ಣಯದ ಮಾನದಂಡಗಳಲ್ಲಿ ಮತ್ತೆ ಮತ್ತೆ ಕೀಳುವುದು ಮತ್ತು ಕೂದಲು ನಷ್ಟವಾಗುವುದು ಮಾತ್ರವಲ್ಲದೆ, ನಿಲ್ಲಿಸಲು ಅಥವಾ ಕಡಿಮೆ ಮಾಡಲು ವ್ಯಕ್ತಿ ಪದೇ ಪದೇ ಯತ್ನಿಸಿ ಸೋತಿರುವುದೂ ಅದರಿಂದ ಬದುಕಿನಲ್ಲಿ ಸಂಕಟವೋ ಅಡಚಣೆಯೋ ಉಂಟಾಗಿರುವುದೂ ಸೇರಿವೆ. ಅಂದರೆ ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ಗುರುತಿಸುವಾಗಲೇ ಇಚ್ಛೆಯ ಪ್ರಶ್ನೆಯನ್ನು ಒಳಗೆ ಸೇರಿಸಿಕೊಂಡಿದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಕೂಡ, ವ್ಯಕ್ತಿಯು ಒಂದು ಧಾರ್ಮಿಕ ಗುಂಪಿಗೆ ಸೇರಿದ್ದಾನೆ ಎಂಬ ಕಾರಣದಿಂದಾಗಲಿ, ತನ್ನ ಸಮುದಾಯದ ನೈತಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣದಿಂದಾಗಲಿ ಅವನನ್ನು ಮಾನಸಿಕ ಅಸ್ವಸ್ಥನೆಂದು ನಿರ್ಧರಿಸಕೂಡದು ಎಂದು ವಿಧಿಸುತ್ತದೆ. ಈ ನಿಯಮದಿಂದ ಎರಡು ಕಡೆಗೂ ನ್ಯಾಯ ದೊರೆಯುತ್ತದೆ: ಮುನಿಯ ಲೋಚವನ್ನು ರೋಗವೆನ್ನಲು ಬರುವುದಿಲ್ಲ, ರೋಗಿಯ ಸಂಕಟವನ್ನು ಧರ್ಮಚ್ಯುತಿ ಎಂದು ತೀರ್ಪು ಕೊಡಲೂ ಬರುವುದಿಲ್ಲ.

ಇಚ್ಛೆಯ ಈ ಪ್ರಶ್ನೆಯನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟನು. ಪ್ರಾಣಿಗೂ ಬಯಕೆಗಳಿವೆ, ಆದರೆ ಮನುಷ್ಯನಿಗೆ ತನ್ನ ಬಯಕೆಗಳ ಬಗೆಗೂ ಬಯಕೆಗಳಿರುತ್ತವೆ. ವ್ಯಸನವನ್ನು ದ್ವೇಷಿಸುತ್ತಲೇ ವ್ಯಸನಕ್ಕೆ ಶರಣಾಗುವವನಲ್ಲಿ ಮೊದಲ ಹಂತದ ಬಯಕೆಯು ಎರಡನೆಯ ಹಂತದ ಬಯಕೆಯನ್ನು ಸೋಲಿಸಿರುತ್ತದೆ, ಆದ್ದರಿಂದ ಅವನ ಕ್ರಿಯೆಯು ಅವನದಾಗಿದ್ದೂ ಅವನದಲ್ಲ ಎಂಬುದು ಫ್ರಾಂಕ್‌ಫರ್ಟ್‌ನ ವಾದ. ಗೀತೆಯ ಮೂರನೆಯ ಅಧ್ಯಾಯದ ಕೊನೆಯಲ್ಲಿ ಅರ್ಜುನನು ಕೇಳುವ, ಒಲ್ಲದವನನ್ನು ಬಲವಂತವಾಗಿ ತಪ್ಪಿಗೆ ನೂಕುವುದು ಯಾವುದು ಎಂಬ ಪ್ರಶ್ನೆಯೂ ಇದೇ ಒಡಕನ್ನು ಕುರಿತದ್ದು. ಈ ವಿಂಗಡಣೆಯಂತೆ ಮುನಿಯಲ್ಲಿ ಎರಡು ಹಂತಗಳೂ ಒಂದಾಗಿವೆ, ರೋಗಿಯಲ್ಲಿ ಅವು ಒಡೆದಿವೆ. ಆದರೆ ಕೂದಲು ಕೀಳುವ ಗೀಳು ಇದಕ್ಕಿಂತಲೂ ಒಂದು ಹೆಜ್ಜೆ ಆಳಕ್ಕೆ ಒಯ್ಯುತ್ತದೆ. ತಜ್ಞರು ಇದರಲ್ಲಿ ಎರಡು ರೀತಿಗಳನ್ನು ಗುರುತಿಸುತ್ತಾರೆ: ಉದ್ವೇಗವನ್ನೋ ಬೇಸರವನ್ನೋ ತಣಿಸಿಕೊಳ್ಳಲು ಗಮನವಿಟ್ಟು ಕೀಳುವುದು ಒಂದು, ಗಮನವೇ ಇಲ್ಲದೆ ಕೈ ತಾನಾಗಿ ಕೀಳುವುದು ಇನ್ನೊಂದು, ಬಹುಮಂದಿಯಲ್ಲಿ ಎರಡೂ ಬೆರೆತಿರುತ್ತವೆ. ಎರಡನೆಯ ರೀತಿಯಲ್ಲಿ ಬಯಕೆಗಳ ಹೋರಾಟವೇ ನಡೆಯುವುದಿಲ್ಲ, ಏಕೆಂದರೆ ಹೋರಾಡಬೇಕಾದ ವ್ಯಕ್ತಿಯು ಆ ಹೊತ್ತಿಗೆ ಅಲ್ಲಿ ಹಾಜರಿರುವುದೇ ಇಲ್ಲ. ತೊಡೆಯ ಮೇಲೆ ಬಿದ್ದ ಎಳೆಗಳನ್ನು ಕಂಡ ಮೇಲಷ್ಟೇ ನಡೆದದ್ದು ಅರಿವಿಗೆ ಬರುತ್ತದೆ.

ಈ ಸಂಗತಿಯನ್ನು ಅರಿಯದೆ ಕೊಡುವ ಉಪದೇಶವು ನೆರವಾಗುವುದಿಲ್ಲ ಮಾತ್ರವಲ್ಲ, ಕೇಡನ್ನೂ ಮಾಡುತ್ತದೆ. 'ಮನಸ್ಸು ಗಟ್ಟಿ ಮಾಡಿಕೋ' ಎಂಬ ಮಾತು ಇಚ್ಛಾಶಕ್ತಿಯ ಕೊರತೆಯೇ ರೋಗವೆಂದು ಭಾವಿಸುತ್ತದೆ. ಆದರೆ ಇದೇ ವ್ಯಕ್ತಿಗಳು ಓದು, ಉದ್ಯೋಗ, ಮನೆವಾರ್ತೆ, ಉಪವಾಸ ವ್ರತಗಳನ್ನು ದೃಢವಾಗಿ ನಡೆಸಿಕೊಂಡು ಹೋಗುತ್ತಿರುತ್ತಾರೆ. ಉದ್ದ ಜಡೆಯೂ ಮುಡಿದ ಹೂವೂ ಸೌಭಾಗ್ಯದ ಗುರುತುಗಳೆನಿಸಿರುವ ಸಮಾಜದಲ್ಲಿ, ವಿಧವೆಯ ತಲೆ ಬೋಳಿಸುವ ಕ್ರೌರ್ಯವನ್ನು ಬಹುಕಾಲ ಉಳಿಸಿಕೊಂಡಿದ್ದ ಸಮಾಜದಲ್ಲಿ, ನೆತ್ತಿಯ ಬೋಳು ಜಾಗವನ್ನು ಚೌರಿಯಿಂದಲೋ ಸೆರಗಿನಿಂದಲೋ ಮುಚ್ಚಿಕೊಂಡು ಓಡಾಡುವ ಹೆಣ್ಣಿನ ಮೇಲೆ ಬೀಳುವ ಭಾರ ಸಣ್ಣದಲ್ಲ; ಕೀಳಲು ಕೂದಲೇ ಇಲ್ಲದಂತೆ ಮುಡಿ ಕೊಡಿಸಿಬಿಡೋಣ ಎಂಬ ಮನೆಯವರ ಸಲಹೆಯು ಕೂದಲು ಮತ್ತೆ ಬೆಳೆಯುವವರೆಗಷ್ಟೇ ಪರಿಹಾರವಾಗಿ, ಅವಮಾನವನ್ನು ಇಮ್ಮಡಿಸುತ್ತದೆ. ಕೂದಲಿನಲ್ಲಿ ದೈವದ ಮಾತನ್ನು ಓದುವಾಗ ಆ ಕೂದಲಿನ ಒಡತಿಯನ್ನು ಕೇಳದಿದ್ದರೆ ಏನಾಗುತ್ತದೆಂಬುದನ್ನು ಬೆಳಗಾವಿ ಜಿಲ್ಲೆ ಕಂಡಿದೆ: ಸವದತ್ತಿ ಯಲ್ಲಮ್ಮನ ಪರಿಸರದಲ್ಲಿ ಗಂಟುಕಟ್ಟಿದ ಜಡೆಯನ್ನು ದೇವಿಯ ಕರೆಯೆಂದು ತಿಳಿದು ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುತ್ತಿದ್ದ ರೂಢಿಯನ್ನು ತಡೆಯಲು 1982ರಲ್ಲಿ ಕರ್ನಾಟಕ ಶಾಸನವನ್ನೇ ಮಾಡಬೇಕಾಯಿತು.

ಹಾಗಾದರೆ ಚಿಕಿತ್ಸೆಯು ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ರೂಪಿಸಿದ ಅಭ್ಯಾಸ ಹಿಮ್ಮುಖ ತರಬೇತಿಯು ಇಂದಿಗೂ ವಯಸ್ಕರ ಚಿಕಿತ್ಸೆಯ ತಳಹದಿಯಾಗಿದೆ. ಅದರ ಮೊದಲ ಅಂಗ ಅರಿವಿನ ತರಬೇತಿ: ಕೈ ಎಲ್ಲಿಂದ ಏಳುತ್ತದೆ, ಮೊದಲು ಯಾವ ಬೆರಳು ತಾಗುತ್ತದೆ, ಅದಕ್ಕೂ ಮುಂಚೆ ನೆತ್ತಿಯಲ್ಲಿ ತುರಿಕೆಯೋ ಎದೆಯಲ್ಲಿ ಬಿಗಿತವೋ ಇತ್ತೇ, ಆಗ ವ್ಯಕ್ತಿ ಎಲ್ಲಿ ಕುಳಿತಿದ್ದರು, ಯಾವ ಯೋಚನೆ ಓಡುತ್ತಿತ್ತು ಎಂಬುದನ್ನು ಚಿಕಿತ್ಸಕರ ಎದುರು ವಿವರವಾಗಿ ಹೇಳಿ, ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ. ಎರಡನೆಯದು ಪ್ರತಿಸ್ಪರ್ಧಿ ಕ್ರಿಯೆ: ಸೂಚನೆ ಕಂಡೊಡನೆ ಮುಷ್ಟಿ ಬಿಗಿದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುವುದು ಅಥವಾ ಕೈಯಲ್ಲಿ ಏನನ್ನಾದರೂ ಹಿಡಿಯುವುದು, ಹೀಗೆ ಕೀಳುವ ಚಲನೆಯೊಂದಿಗೆ ಏಕಕಾಲದಲ್ಲಿ ಮಾಡಲಾಗದ, ಯಾರ ಗಮನವನ್ನೂ ಸೆಳೆಯದ ಒಂದು ಭಂಗಿಯನ್ನು ಒಂದೆರಡು ನಿಮಿಷ, ಸೆಳೆತ ಇಳಿಯುವವರೆಗೆ, ಹಿಡಿದಿರುವುದು. ಮೂರನೆಯದು ಒತ್ತಾಸೆ: ಮನೆಯ ಒಬ್ಬರು ಗದರದೆ, ಕಾವಲು ಕಾಯದೆ, ಮೆತ್ತಗೆ ನೆನಪಿಸಿ, ಸಾಧಿಸಿದ್ದನ್ನು ಗುರುತಿಸಿ ಮೆಚ್ಚುವುದು. ಇವುಗಳ ಜೊತೆಗೆ ಸನ್ನಿವೇಶವನ್ನೇ ಬದಲಿಸುವ ಉಪಾಯಗಳೂ ಇವೆ: ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಳ್ಳುವುದು, ಓದುವಾಗ ತಲೆಗೆ ಬಟ್ಟೆ ಕಟ್ಟುವುದು, ಕನ್ನಡಿಯ ಮುಂದೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದು, ಚಿಮಟವನ್ನು ಕೈಗೆಟುಕದಂತೆ ಇಡುವುದು.

ಗಮನವಿಟ್ಟು ಕೀಳುವವರಿಗೆ ಇಷ್ಟೇ ಸಾಲದಾಗುತ್ತದೆ, ಏಕೆಂದರೆ ಅವರ ಕೈ ಒಂದು ಸಹಿಸಲಾಗದ ಭಾವದಿಂದ ತಪ್ಪಿಸಿಕೊಳ್ಳಲು ತಲೆಗೆ ಹೋಗಿರುತ್ತದೆ. ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಎಂಬ ಪದ್ಧತಿಯು ಇಲ್ಲಿ ನೆರವಿಗೆ ಬರುತ್ತದೆ. ಸೆಳೆತವನ್ನು ಅದುಮಲೂ ಹೋಗದೆ, ಅದಕ್ಕೆ ಮಣಿಯಲೂ ಹೋಗದೆ, ಅದು ಬಂದಿದೆ ಎಂದು ಒಪ್ಪಿಕೊಂಡು, ತನಗೆ ಬದುಕಿನಲ್ಲಿ ಮುಖ್ಯವಾದ ಕೆಲಸದ ಕಡೆಗೆ ಕೈಯನ್ನು ತಿರುಗಿಸುವುದನ್ನು ಅದು ಕಲಿಸುತ್ತದೆ. ಡಗ್ಲಸ್ ವುಡ್ಸ್ ಮತ್ತು ಸಹೋದ್ಯೋಗಿಗಳು ಇದನ್ನು ಅಭ್ಯಾಸ ಹಿಮ್ಮುಖ ತರಬೇತಿಯೊಂದಿಗೆ ಬೆಸೆದು 2006ರಲ್ಲಿ ಪ್ರಕಟಿಸಿದ ಪ್ರಯೋಗವು ವಯಸ್ಕರಲ್ಲಿ ಒಳ್ಳೆಯ ಫಲ ತೋರಿಸಿತು. ಭಾವೋದ್ವೇಗವನ್ನು ನಿಭಾಯಿಸುವ ಕೌಶಲಗಳನ್ನು ಕಲಿಸುವ ಡಯಲೆಕ್ಟಿಕಲ್ ವರ್ತನ ಚಿಕಿತ್ಸೆಯ ಅಂಶಗಳನ್ನು ಸೇರಿಸಿದ ಕ್ರಮವೂ ಇದೆ. ಔಷಧಿಗಳ ಪಾತ್ರ ಇದಕ್ಕಿಂತ ಕಿರಿದು: 2003ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ವರ್ತನ ಚಿಕಿತ್ಸೆಯು ಫ್ಲೂಯೊಕ್ಸೆಟಿನ್ ಮಾತ್ರೆಗಿಂತ ಹೆಚ್ಚು ಫಲ ಕೊಟ್ಟಿತು, ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧವು 50 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿಗುಳಿಗೆಗಿಂತ ಮೇಲೆನಿಸಿತು. ಖಿನ್ನತೆಯೋ ಆತಂಕವೋ ಜೊತೆಗಿದ್ದರೆ ಅವುಗಳಿಗೂ ಚಿಕಿತ್ಸೆ ಬೇಕು. ಗುಣ ಕಂಡ ಮೇಲೂ ತಿಂಗಳುಗಳ ನಂತರ ಅಭ್ಯಾಸ ಮರುಕಳಿಸುವುದು ಸಾಮಾನ್ಯ. ಅದನ್ನು ಸೋಲೆಂದು ಎಣಿಸದೆ ತರಬೇತಿಯ ಪಾಠಗಳನ್ನು ಮತ್ತೆ ಕೈಗೆತ್ತಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಈ ವಿಧಾನಗಳನ್ನು ಧರ್ಮದ ಕಣ್ಣಿನಿಂದ ನೋಡಿದವರಿಗೆ ಒಂದು ಸಂಗತಿ ಎದ್ದುಕಾಣುತ್ತದೆ: ಇಲ್ಲಿ ಎಲ್ಲಿಯೂ ಇಚ್ಛೆಯ ಬಲವನ್ನು ಕೇಳಿಲ್ಲ, ಕೇಳಿರುವುದು ಎಚ್ಚರವನ್ನು. ಜೈನ ಚಿಂತನೆಯು ಪ್ರಮಾದ, ಅಂದರೆ ಗಮನಗೇಡಿತನವನ್ನು, ಕರ್ಮಬಂಧದ ಕಾರಣಗಳಲ್ಲಿ ಒಂದೆಂದು ಎಣಿಸಿ, ಆತ್ಮದ ವಿಕಾಸವನ್ನು ಹೇಳುವ 14 ಗುಣಸ್ಥಾನಗಳಲ್ಲಿ ಆರನೆಯದನ್ನು ಪ್ರಮತ್ತಸಂಯತ, ಏಳನೆಯದನ್ನು ಅಪ್ರಮತ್ತಸಂಯತ ಎಂದು ಕರೆಯುತ್ತದೆ. ಆರನೆಯ ಮೆಟ್ಟಿಲಲ್ಲಿ ನಿಂತವನು ಮಹಾವ್ರತಗಳನ್ನು ಹೊತ್ತ ಮುನಿಯೇ ಆಗಿದ್ದರೂ ಅವನಲ್ಲಿಯೂ ಮರೆವು ಉಳಿದಿರುತ್ತದೆ ಎಂಬುದನ್ನು ಈ ವಿಂಗಡಣೆ ಒಪ್ಪಿಕೊಂಡಿದೆ. ಮಹಾವ್ರತಿಗೇ ಕ್ಷಣಕ್ಷಣದ ಎಚ್ಚರ ದುರ್ಲಭವಾಗಿರುವಾಗ, ದಣಿದು ಕುಳಿತ ಸಂಸಾರಿಯ ಬೆರಳು ಅರಿವಿಲ್ಲದೆ ನೆತ್ತಿಗೆ ಹೋಯಿತೆಂದು ಅವರ ಶೀಲವನ್ನು ಶಂಕಿಸುವುದು ಆ ಧರ್ಮದ ದೃಷ್ಟಿಯಿಂದಲೇ ಅಸಂಗತ. ಪತಂಜಲಿಯ ಯೋಗಸೂತ್ರವು ಹೇಳುವ ಪ್ರತಿಪಕ್ಷಭಾವನೆ, ಅಂದರೆ ಕೆಟ್ಟ ಎಣಿಕೆಗೆ ಎದುರಾದ ಎಣಿಕೆಯನ್ನು ಬೆಳೆಸುವ ಸಾಧನೆಯೂ, ಪ್ರತಿಸ್ಪರ್ಧಿ ಕ್ರಿಯೆಯನ್ನು ನೆನಪಿಸುತ್ತದೆ. ಆದರೆ ಒಂದು ಮನಸ್ಸಿನ ಸಾಧನೆ, ಇನ್ನೊಂದು ಸ್ನಾಯುಗಳ ತರಬೇತಿ. ಹೋಲಿಕೆಯನ್ನು ಕಂಡ ಮಾತ್ರಕ್ಕೆ ಪ್ರಾಚೀನರು ಈ ರೋಗಕ್ಕೆ ಮದ್ದನ್ನು ಬಲ್ಲವರಾಗಿದ್ದರು ಎಂದು ಹೇಳುವುದು ಶಾಸ್ತ್ರಕ್ಕೂ ವೈದ್ಯಕ್ಕೂ ಅನ್ಯಾಯ. ಧ್ಯಾನ, ಜೈನರ ಸಾಮಾಯಿಕ, ಲಿಂಗಾಯತರ ಇಷ್ಟಲಿಂಗಪೂಜೆಗಳು ಸಾಧಕರಿಗೆ ನೆಮ್ಮದಿ ಕೊಡಬಹುದು, ತರಬೇತಿಗೆ ಒತ್ತಾಸೆಯೂ ಆಗಬಹುದು. ಅವು ತರಬೇತಿಯ ಸ್ಥಾನವನ್ನು ತುಂಬಲಾರವು.

ಇದಕ್ಕಿಂತಲೂ ಬೆಲೆಯುಳ್ಳದ್ದು ಪಶ್ಚಾತ್ತಾಪದ ಬಗೆಗೆ ಜೈನ ಪರಂಪರೆಯು ತೋರುವ ವಿವೇಕ. ಪ್ರತಿಕ್ರಮಣವೆಂಬ ನಿತ್ಯಕರ್ಮದಲ್ಲಿ ದಿನದ ತಪ್ಪುಗಳನ್ನು ನೆನೆದು ಹಿಂದಿರುಗುವ ವಿಧಿಯಿದೆ, ಗುರುವಿನ ಮುಂದೆ ಹೇಳಿಕೊಳ್ಳುವ ಆಲೋಚನೆ ಎಂಬ ವಿಧಿಯೂ ಇದೆ. ಆದರೆ ದುಃಖವನ್ನೇ ಮೆಲುಕುಹಾಕುತ್ತ ತನ್ನನ್ನೇ ಕೊರೆದುಕೊಳ್ಳುವುದನ್ನು ಆರ್ತಧ್ಯಾನವೆಂದು ಕರೆದು ಅದನ್ನು ಅಶುಭಧ್ಯಾನಗಳ ಸಾಲಿಗೆ ಸೇರಿಸಲಾಗಿದೆ. ಕೂದಲು ಕೀಳುವವರಲ್ಲಿ ನಾಚಿಕೆಯು ಉದ್ವೇಗವನ್ನು ಹುಟ್ಟಿಸುತ್ತದೆ, ಉದ್ವೇಗವು ಕೈಯನ್ನು ಎಬ್ಬಿಸುತ್ತದೆ, ಕಿತ್ತ ಮೇಲೆ ನಾಚಿಕೆ ಹೆಚ್ಚುತ್ತದೆ. ಈ ಸುತ್ತನ್ನು ಕಡಿಯಲೆಂದೇ ಚಿಕಿತ್ಸಕರು ದಿನಚರಿಯಲ್ಲಿ ತೀರ್ಪು ಬರೆಯಬೇಡಿ, ನಡೆದದ್ದನ್ನಷ್ಟೇ ಬರೆಯಿರಿ ಎನ್ನುತ್ತಾರೆ. ಆತ್ಮನಿಂದೆಯು ಧರ್ಮದ ದಾರಿಯಲ್ಲ ಎಂಬ ಮಾತನ್ನು ಬಸದಿಯ ಅಥವಾ ಮಠದ ಪೀಠದಿಂದ ಕೇಳಿದ ದಿನ ಅನೇಕರು ಚಿಕಿತ್ಸೆಯ ಕಡೆಗೆ ಮೊದಲ ಹೆಜ್ಜೆ ಇಡುವ ಧೈರ್ಯ ಪಡೆಯಬಲ್ಲರು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಕ್ರಿಯೆಯನ್ನು ರೋಗವೆಂದರೆ ಮನುಷ್ಯನ ಹೊಣೆ ಇಲ್ಲವಾಗುವುದಿಲ್ಲವೇ ಎಂಬುದು ಮೊದಲನೆಯದು. ಹೊಣೆ ಇಲ್ಲವಾಗುವುದಿಲ್ಲ, ಅದರ ಜಾಗ ಬದಲಾಗುತ್ತದೆ: ಸೆಳೆತ ಹುಟ್ಟಿದ್ದಕ್ಕೆ ವ್ಯಕ್ತಿ ಹೊಣೆಯಲ್ಲ, ಆದರೆ ನೆರವು ಕೇಳುವುದು, ಪುಸ್ತಕದಲ್ಲಿ ಬರೆಯುವುದು, ಮುಷ್ಟಿ ಬಿಗಿಯುವ ಅಭ್ಯಾಸವನ್ನು ದಿನವೂ ಮಾಡುವುದು ಅವರ ಕೈಯಲ್ಲಿದೆ. ರೋಗವು ಪೂರ್ವಕರ್ಮದ ಫಲವಾದರೆ ಅನುಭವಿಸಿಯೇ ತೀರಬೇಕಲ್ಲವೇ ಎಂಬುದು ಎರಡನೆಯದು. ಜೈನರ ಕರ್ಮಸಿದ್ಧಾಂತವೇ ಕರ್ಮದ ಉಪಶಮ, ಕ್ಷಯೋಪಶಮಗಳನ್ನು, ಅಂದರೆ ಪ್ರಯತ್ನದಿಂದ ಕರ್ಮದ ವೇಗ ತಗ್ಗುವುದನ್ನು ಮತ್ತು ಭಾಗಶಃ ಸವೆಯುವುದನ್ನು ಒಪ್ಪುತ್ತದೆ. ಅದು ಕೈಕಟ್ಟಿ ಕೂರುವ ಸಿದ್ಧಾಂತವಲ್ಲ. ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಎಣಿಸುತ್ತವೆ. 9ನೇ ಶತಮಾನದ ಉಗ್ರಾದಿತ್ಯನು ಜೈನ ಮುನಿಯಾಗಿದ್ದುಕೊಂಡೇ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ರಚಿಸಿದನು. ಚಿಕಿತ್ಸೆಯು ಕರ್ಮಕ್ಕೆ ಎದುರಾದದ್ದೆಂದು ಆ ಪರಂಪರೆ ಭಾವಿಸಿದ್ದರೆ ಭೈಷಜ್ಯವು ದಾನವಾಗುತ್ತಿರಲಿಲ್ಲ.

ಭೈಷಜ್ಯವನ್ನು ತಲುಪಿಸುವ ದಾರಿಗಳು ಇಂದು ಈ ಸೀಮೆಯಲ್ಲಿ ಇವೆ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 1845ರ ಆಸ್ಪತ್ರೆಯಿಂದ ಬೆಳೆದುಬಂದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯು ಪಕ್ಕದ ಧಾರವಾಡದಲ್ಲಿದೆ. ಆದರೆ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ಕಣಕುಂಬಿ, ಜಾಂಬೋಟಿ, ಭೀಮಗಡದ ದಟ್ಟ ಕಾಡುಗಳಿಂದ ಕೂಡಿದ್ದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ನಗರಕ್ಕೆ ಬಂದುಹೋಗುವುದು ಅಲ್ಲಿಯವರಿಗೆ ಸುಲಭವಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ 14416 ಸಂಖ್ಯೆಯು ಅಂಥವರಿಗೆ ಮೊದಲ ಬಾಗಿಲಾಗಬಲ್ಲದು. ಈ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಮನೆಮಾತಾಗಿರುವುದರಿಂದ ಚಿಕಿತ್ಸೆಯ ಭಾಷೆಯೂ ಮುಖ್ಯವಾಗುತ್ತದೆ. ನೆತ್ತಿಯ ತುರಿಕೆಯಿಂದ ಎದೆಯ ಬಿಗಿತದವರೆಗೆ ಪ್ರತಿಯೊಂದು ಸೂಕ್ಷ್ಮವನ್ನೂ ಮಾತಿಗೆ ತರುವುದೇ ಅರಿವಿನ ತರಬೇತಿಯ ಜೀವಾಳವಾದ್ದರಿಂದ, ಅದು ರೋಗಿಯ ಸ್ವಂತ ಮಾತಿನಲ್ಲಿ ನಡೆದಷ್ಟೂ ಆಳಕ್ಕಿಳಿಯುತ್ತದೆ.

ಕೇಶಲೋಚ ಮತ್ತು ಕೂದಲು ಕೀಳುವ ಗೀಳುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ದೊರೆಯುವ ತಿಳಿವು ಹೀಗಿದೆ: ಒಂದು ಕ್ರಿಯೆಯನ್ನು ಸ್ವತಂತ್ರವೆನಿಸುವುದು ಅದನ್ನು ಮಾಡುವವರ ಎದೆಗಾರಿಕೆಯೊಂದೇ ಅಲ್ಲ, ಆ ಕ್ರಿಯೆಯ ಸುತ್ತ ಕಟ್ಟಿಕೊಂಡ ಎಚ್ಚರ, ನಿಯಮ ಮತ್ತು ಒಡನಾಟ. ಮುನಿಯು ಕೂಡ ಒಂಟಿಯಾಗಿ ಸಂಯಮಿಯಾಗುವುದಿಲ್ಲ. ಕಾಲಮಾನವನ್ನು ನಿಗದಿಮಾಡಿದ ಶಾಸ್ತ್ರ, ದಾರಿ ತೋರುವ ಗುರು, ಸುತ್ತ ಕುಳಿತ ಸಂಘ ಇವೆಲ್ಲ ಸೇರಿ ಅವನ ಸಂಯಮವನ್ನು ಆಗುಮಾಡುತ್ತವೆ. ರೋಗಿಗೆ ಮಾತ್ರ ಇವೊಂದನ್ನೂ ಕೊಡದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಗೆದ್ದು ಬನ್ನಿ ಎಂದು ಬಯಸುವುದು ಸಂಯಮವೆಂದರೆ ಏನೆಂಬುದನ್ನು ತಪ್ಪು ತಿಳಿದದ್ದರ ಫಲ. ತರಬೇತಿಯುಳ್ಳ ಚಿಕಿತ್ಸಕರು, ದಿನದ ಅಭ್ಯಾಸ, ಗದರದ ಮನೆಮಂದಿ ಎಂಬ ಮೂರನ್ನೂ ಅವರಿಗೆ ಒದಗಿಸುವುದು ಸಮಾಜದ ಕರ್ತವ್ಯವಾಗಿದೆ. ವ್ರತಸ್ಥರ ಸಂಯಮಕ್ಕೆ ಅಷ್ಟೆಲ್ಲ ಆಸರೆ ಕೊಟ್ಟು ಗೌರವಿಸುವ ಊರು, ವ್ಯಾಧಿಗ್ರಸ್ತರು ತಮ್ಮ ಕೈಯನ್ನು ಮರಳಿ ತಮ್ಮದಾಗಿಸಿಕೊಳ್ಳಲು ಪಡುವ ಶ್ರಮಕ್ಕೂ ಅದೇ ಆಸರೆಯನ್ನು ಕೊಡಲು ಬದ್ಧವಾಗಿದೆ.